ಮಣ್ಣಿನ ಉಸಿರು ಹೇಳುವ ಗುಟ್ಟು

ಹೋದ ಭಾನುವಾರ ನನ್ನ ಮೊಮ್ಮಗಳು ಅಜ್ಜಿಯ ಇಂಗಿನ ಡಬ್ಬಿ ಬಚ್ಚಿಟ್ಟು, ಏನೂ ಅರಿಯದವಳಂತೆ ಕೂತಿದ್ದಳು. ಅಜ್ಜಿಗೆ ಕಣ್ಣು ಮಂಜು. ಆದರೂ ಮೂಗರಳಿಸುತ್ತಾ ಅಡುಗೆಮನೆಯಿಂದ ನಡುಮನೆಗೆ, ಅಲ್ಲಿಂದ ಬೀರುವಿನ ಹತ್ತಿರ ಹೋಗಿ ಡಬ್ಬಿ ತೆಗೆದೇಬಿಟ್ಟಳು. "ವಾಸನೆ ಹೆಚ್ಚಾದ ಕಡೆಗೆ ನಡೆದೆ, ಅಷ್ಟೇ" ಅಂದಳು.

"ನೆಲದೊಳಗಿನ ನೀರಿಗೆ ವಿಷ ಎಲ್ಲಿಂದ ಸೇರಿತು ಅಂತ ಹುಡುಕುವವರೂ ಹೀಗೇ ಮಾಡ್ತಾರೆ" ಎಂದೆ ನಾನು.

"ನೆಲಾನ ಮೂಸಿ ನೋಡ್ತಾರಾ ತಾತ?" ಮೊಮ್ಮಗಳು ನಕ್ಕಳು. ಆಗ ಟೂಸಾನ್ ಊರಿನ ಕಥೆ ಹೇಳಿದೆ.

ಟೂಸಾನ್ ಇರುವುದು ಅಮೆರಿಕದ ಅರಿಝೋನಾ ರಾಜ್ಯದಲ್ಲಿ. ಸುತ್ತಲೂ ಮರುಭೂಮಿ. ಆಗೆಲ್ಲ ಊರಿಗೆ ಅಂತರ್ಜಲವೇ ಕುಡಿಯುವ ನೀರು. 1981ರಲ್ಲಿ ವಿಮಾನ ನಿಲ್ದಾಣದ ಆಸುಪಾಸಿನ ಬಾವಿಗಳಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ರಾಸಾಯನಿಕ ಸಿಕ್ಕಿತು. ಲೋಹದ ಭಾಗಗಳ ಜಿಡ್ಡು ತೊಳೆಯುವ ದ್ರವ ಅದು, ಕ್ಯಾನ್ಸರ್ ತರಬಲ್ಲದು. ಬಳಸಿ ಚೆಲ್ಲಿದ್ದು ಮೆಲ್ಲಗೆ ಮಣ್ಣಿಗಿಳಿದು ನೀರು ಸೇರಿತ್ತು. ಒಂದು ಗ್ರಾಂ ಅನ್ನು 10 ಲಕ್ಷ ಪಾಲು ಮಾಡಿ, ಅದರಲ್ಲಿ 5 ಪಾಲಿಗಿಂತ ಹೆಚ್ಚು ಒಂದು ಲೀಟರ್ ನೀರಿನಲ್ಲಿ ಇರಬಾರದು ಎನ್ನುತ್ತದೆ ಅಮೆರಿಕದ ನಿಯಮ. ಅಷ್ಟು ಕಡಿಮೆ ಇದ್ದರೆ ನಾಲಿಗೆಗೆ ತಿಳಿಯುವುದೇ ಇಲ್ಲ.

ಕಂಡಕಂಡಲ್ಲಿ ಬಾವಿ ಕೊರೆದು ನೋಡಲು ಬಹಳ ದುಡ್ಡು ಬೇಕು. ಆದರೆ ಈ ದ್ರವಕ್ಕೆ ಒಂದು ಗುಣವಿದೆ. ನೀರಿನಿಂದ ಆವಿಯಾಗಿ, ಮಣ್ಣಿನ ಕಣಗಳ ಸಂದಿಯಲ್ಲಿ ಮೇಲೇರುತ್ತದೆ. ಡಾನ್ ಮ್ಯಾರಿನ್ ಮತ್ತು ಗ್ಲೆನ್ ಥಾಮ್ಸನ್ ಎಂಬ ವಿಜ್ಞಾನಿಗಳು ಆ ಆವಿಯನ್ನೇ ಅಳೆದು, 1987ರಲ್ಲಿ ಪ್ರಬಂಧ ಬರೆದರು.

ಕೆಲಸ ಹೀಗೆ: ಟೊಳ್ಳು ಸಲಾಕೆಯನ್ನು ಒಂದೆರಡು ಮೀಟರ್ ನೆಲಕ್ಕಿಳಿಸಿ, ಮಣ್ಣಿನ ಗಾಳಿಯನ್ನು ಪಂಪಿನಿಂದ ಎಳೆದು, ಯಂತ್ರದಲ್ಲಿ ಪರೀಕ್ಷಿಸುತ್ತಾರೆ. ರಂಗೋಲಿಯ ಚುಕ್ಕಿ ಇಟ್ಟಂತೆ ಹತ್ತಾರು ಕಡೆ ಅಳೆದು, ಅಂಕಿಗಳನ್ನು ನಕ್ಷೆಯಲ್ಲಿ ಬರೆಯುತ್ತಾರೆ. ಸಮನಾದ ಅಂಕಿಗಳನ್ನು ಗೆರೆಯಿಂದ ಸೇರಿಸಿದರೆ ಸುತ್ತುಗಳು ಮೂಡುತ್ತವೆ. ಅಂಕಿ ಅತಿ ಹೆಚ್ಚಿರುವ ಸುತ್ತಿನಲ್ಲೇ ಮೂಲದ ಗುಮಾನಿ. ಜೇಡಿಮಣ್ಣಿನ ಪದರ ಆವಿಯನ್ನು ತಡೆದು ದಾರಿ ತಪ್ಪಿಸಬಹುದು. ಆದ್ದರಿಂದ ಅಲ್ಲಿ ಬಾವಿ ಕೊರೆದು, ಮಣ್ಣು, ನೀರು ಎರಡನ್ನೂ ನೋಡಿಯೇ ಖಚಿತಪಡಿಸಿಕೊಳ್ಳಬೇಕು.

"ಕೋಲಾರದ ನೀರಲ್ಲಿ ಫ್ಲೋರೈಡ್ ಇದೆಯಲ್ಲ, ಅದನ್ನೂ ಹೀಗೇ ಹುಡುಕಬಹುದಾ?"

"ಇಲ್ಲ ಮಗಳೇ. ಅದು ಬಂಡೆಯಿಂದ ಕರಗಿ ಬಂದದ್ದು. ಉಪ್ಪಿನ ಹಾಗೆ ನೀರಲ್ಲೇ ಉಳಿಯುತ್ತೆ. ಅದಕ್ಕೆ ನೀರನ್ನೇ ಪರೀಕ್ಷಿಸಬೇಕು. ಪೆಟ್ರೋಲ್, ಥಿನ್ನರ್‌ನಂಥ ಆವಿಯಾಗೋ ವಸ್ತುಗಳಿಗೆ ಮಾತ್ರ ಈ ಉಪಾಯ."

ಟೂಸಾನಿನಲ್ಲಿ ಆ ನೀರನ್ನು ಮೇಲೆತ್ತಿ ಶುದ್ಧಮಾಡುವ ದೊಡ್ಡ ಘಟಕ ಶುರುವಾದದ್ದು 1994ರಲ್ಲಿ. ಚೆಲ್ಲಲು ನಿಮಿಷ ಸಾಕು, ತೆಗೆಯಲು ವರ್ಷಗಳು ಬೇಕು ಎಂದು ಕಥೆ ಮುಗಿಸಿದೆ.

ಮೊಮ್ಮಗಳು ಸುಮ್ಮನಿದ್ದು ಕೇಳಿದಳು: "ತಾತ, ಗೇಟಿಗೆ ಬಣ್ಣ ಹೊಡೆದು, ಬ್ರಶ್ ತೊಳೆದ ಥಿನ್ನರನ್ನ ತೆಂಗಿನ ಬುಡಕ್ಕೆ ಚೆಲ್ಲಿದ್ದು ನೀನೇ ಅಲ್ವಾ?"

ಹೌದು, ನಾನೇ. ನಮ್ಮ ಹಿತ್ತಿಲ ಬಾವಿ ಅಲ್ಲಿಂದ ಹತ್ತೇ ಹೆಜ್ಜೆ.

ಈಗ ಮಿಕ್ಕ ಥಿನ್ನರನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿಟ್ಟಿದ್ದೇನೆ. ಬಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮತ್ತೆ ಬಳಸಬಹುದು. ಬಾಟಲಿಯ ಕಾವಲು ಮೊಮ್ಮಗಳದ್ದೇ.