ಪರೀಕ್ಷೆ ಮನೆಗೆ ಬಂದಿದೆ, ಮೌಸ್ ಯಾರ ಕೈಯಲ್ಲಿದೆ?

ದ್ವಿತೀಯ ಪಿಯುಸಿ ಮುಗಿದು ಸಿಇಟಿಯೂ ಕಳೆಯಿತೆಂದರೆ ಮನೆಗಳಲ್ಲಿ ಇನ್ನೊಂದು ಪರೀಕ್ಷೆಯ ಮಾತು ಏಳುತ್ತದೆ. ಹದಿನೆಂಟು ತುಂಬಿತು, ಇನ್ನು ಎಲ್‌ಎಲ್‌ಆರ್ ಮಾಡಿಸಬೇಕು. ಸಿಇಟಿಗೆ ಎರಡು ವರ್ಷ ಕೋಚಿಂಗ್ ಕೊಡಿಸಿದ ಅಪ್ಪ ಈ ಪರೀಕ್ಷೆಗೆ ಒಂದು ಸಂಜೆಯನ್ನೂ ಎತ್ತಿಡುವುದಿಲ್ಲ. ‘ಅದಕ್ಕೇನೋ ಓದೋದು? ಸೈಬರ್‌ನವನಿಗೆ ಹೇಳಿದೀನಿ, ಆಧಾರ್ ಕಾರ್ಡ್ ತಗೊಂಡು ಹೋಗು’ ಎಂದರೆ ತಯಾರಿ ಮುಗಿಯಿತು.

ಆರ್‌ಟಿಓ ಕಚೇರಿಯ ಎದುರಿನ ಸಾಲಂಗಡಿಗಳನ್ನು ನೋಡಿ. ಫೋಟೊ, ಜೆರಾಕ್ಸ್, ಎಮಿಷನ್ ಟೆಸ್ಟ್, ಇನ್ಶೂರೆನ್ಸ್, ಅದರ ಪಕ್ಕದಲ್ಲೇ ‘ಎಲ್‌ಎಲ್, ಡಿಎಲ್ ಮಾಡಿಕೊಡಲಾಗುವುದು’ ಎಂಬ ಫಲಕ. ಮೊದಲು ಅರ್ಜಿ ತುಂಬುವುದಷ್ಟೇ ಇವರ ಕೆಲಸವಾಗಿತ್ತು. ಪರೀಕ್ಷೆಗೆ ಹುಡುಗನೇ ಕಚೇರಿಯ ಕಂಪ್ಯೂಟರ್ ಮುಂದೆ ಕೂರಬೇಕಿತ್ತು. 2021ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಆಧಾರ್ ದೃಢೀಕರಣದ ಮೇಲೆ ಕಲಿಕಾ ಪರವಾನಗಿಯನ್ನು ಮನೆಯಿಂದಲೇ ಪಡೆಯುವ ದಾರಿ ತೆರೆದ ಮೇಲೆ ಚಿತ್ರ ಬದಲಾಯಿತು. ‘ಸಾರಥಿ’ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ರಸ್ತೆ ಸುರಕ್ಷತೆಯ ವಿಡಿಯೊ ನೋಡಿ, ಕ್ಯಾಮೆರಾ ಎದುರು ಕೂತು ಪ್ರಶ್ನೆಗಳಿಗೆ ಉತ್ತರ ಒತ್ತಿದರೆ ಮುಗಿಯಿತು. ಊರಿಂದ ಜಿಲ್ಲಾ ಕೇಂದ್ರಕ್ಕೆ ಬಸ್ ಹಿಡಿಯಬೇಕಾಗಿಲ್ಲ, ಒಂದು ದಿನದ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಒಳ್ಳೆಯ ಸುಧಾರಣೆಯೇ ಸರಿ.

ಆದರೆ ವಿಡಿಯೊ ತನ್ನಷ್ಟಕ್ಕೆ ಓಡುತ್ತಿರುವಾಗ ನೋಡಬೇಕಾದವನು ಹೊರಗೆ ಟೀ ಕುಡಿಯುತ್ತಿರುತ್ತಾನೆ. ಕ್ಯಾಮೆರಾಕ್ಕೆ ಕಾಣುವುದು ಅವನ ಮುಖ, ಮೌಸ್ ಆಡಿಸುವುದು ಪಕ್ಕದವರ ಕೈ. ಮನೆಯಲ್ಲಾದರೆ ಅಣ್ಣನೋ ಭಾವನೋ ಬದಿಗೆ ನಿಂತು ‘ಬಿ ಒತ್ತು, ಬಿ’ ಎನ್ನುತ್ತಾರೆ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟೇನಲ್ಲ. ಪರೀಕ್ಷೆಯನ್ನು ಕಚೇರಿಯಿಂದ ಮನೆಗೆ ಕಳಿಸಿದಾಗ ಮೇಲ್ವಿಚಾರಕನ ಕುರ್ಚಿಯೂ ಮನೆಗೇ ಬಂತು. ಆ ಕುರ್ಚಿಯಲ್ಲಿ ಕೂತವರೇ ಕಾಪಿ ಹೊಡೆಸುತ್ತಿದ್ದಾರೆ ಎಂಬುದು ನನ್ನ ತಕರಾರು.

ಇದಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಳ್ಳಬೇಕು ಎನ್ನುವವರು ಒಂದು ಲೆಕ್ಕ ನೋಡಬೇಕು. ಮೂವತ್ತು ವರ್ಷದೊಳಗೆ ಲೈಸೆನ್ಸ್ ಪಡೆದವರಿಗೆ, 2019ರ ತಿದ್ದುಪಡಿಯ ಪ್ರಕಾರ, ಅದು ನಲವತ್ತು ತುಂಬುವವರೆಗೆ ಚಾಲ್ತಿಯಲ್ಲಿರುತ್ತದೆ. ಹದಿನೆಂಟಕ್ಕೆ ಪಡೆದರೆ ಇಪ್ಪತ್ತೆರಡು ವರ್ಷ. ನಡುವೆ ‘ಸ್ಟಾಪ್ ಫಲಕ ಕಂಡರೆ ಏನು ಮಾಡುತ್ತೀಯಪ್ಪ’ ಎಂದು ಯಾರೂ ಕೇಳುವುದಿಲ್ಲ. ಮುಂದೆ ಇನ್‌ಸ್ಪೆಕ್ಟರ್ ಎದುರು ಎಂಟು ಹಾಕುವುದು, ರಿವರ್ಸ್ ತೆಗೆಯುವುದು ಕೈಕಾಲಿನ ಪರೀಕ್ಷೆ. ರಸ್ತೆಯ ನಿಯಮ ತಲೆಯಲ್ಲಿದೆಯೇ ಎಂದು ಸರ್ಕಾರ ಕೂರಿಸಿ ವಿಚಾರಿಸುವುದು ಈ ಎಲ್‌ಎಲ್‌ಆರ್ ಹಂತದಲ್ಲಿ ಮಾತ್ರ. ಅದನ್ನೂ ಇನ್ನೊಬ್ಬರಿಂದ ಬರೆಸಿದರೆ ಕೇಳಿದ ಪ್ರಶ್ನೆ ಕೇಳದಂತೆಯೇ ಆಯಿತು.

ಕೇಳುವ ಪ್ರಶ್ನೆಗಳಾದರೂ ಎಂಥವು? ಕೇಂದ್ರ ಮೋಟಾರು ವಾಹನ ನಿಯಮಾವಳಿ 1989ರ 11ನೇ ನಿಯಮ ಪಠ್ಯವನ್ನು ನಾಲ್ಕೇ ಬಾಬ್ತಿನಲ್ಲಿ ಹೇಳಿ ಮುಗಿಸುತ್ತದೆ: ಸಂಚಾರ ಚಿಹ್ನೆ, ಸಿಗ್ನಲ್ ಮತ್ತು ರಸ್ತೆ ನಿಯಮಗಳು, ಅಪಘಾತವಾದಾಗ ಚಾಲಕನ ಕರ್ತವ್ಯ, ಕಾವಲಿಲ್ಲದ ರೈಲ್ವೆ ಕ್ರಾಸಿಂಗ್ ದಾಟುವಾಗಿನ ಎಚ್ಚರ, ಗಾಡಿಯಲ್ಲಿ ಇರಬೇಕಾದ ದಾಖಲೆಗಳು. ಎರಡು ಸಂಜೆ ಗಮನವಿಟ್ಟು ಕೂತರೆ ಮುಗಿಯುವಷ್ಟು.

ಚಿಹ್ನೆಗಳನ್ನೇ ತೆಗೆದುಕೊಳ್ಳಿ. ಒಂದೊಂದನ್ನೇ ಬಾಯಿಪಾಠ ಮಾಡಲು ಹೋದರೆ ತಲೆ ಚಿಟ್ಟು ಹಿಡಿಯುತ್ತದೆ. ಆಕಾರ ಹಿಡಿದರೆ ಅರ್ಧ ಕೆಲಸ ಆದಂತೆ. ದುಂಡಗಿದ್ದರೆ ಆದೇಶ, ತ್ರಿಕೋನವಾದರೆ ಎಚ್ಚರಿಕೆ, ಚೌಕವಾದರೆ ಮಾಹಿತಿ. ದುಂಡಗಿನದರಲ್ಲೂ ಕೆಂಪು ಅಂಚಿದ್ದರೆ ‘ಬೇಡ’, ಬರಿ ನೀಲಿಯಾದರೆ ‘ಹೀಗೇ ಮಾಡು’. ನೀಲಿ ಬಿಲ್ಲೆಗೆ ಕೆಂಪು ಅಂಚು, ಒಂದು ಓರೆಗೆರೆ ಇದ್ದರೆ ಪಾರ್ಕಿಂಗ್ ಇಲ್ಲ. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ಗಾಡಿ ನಿಲ್ಲಿಸಲೂ ಕೂಡದು. ಈ ಸಾಲಿಗೆ ಸೇರದವು ಎರಡು. ‘ಸ್ಟಾಪ್’ ಫಲಕಕ್ಕೆ ಎಂಟು ಮೂಲೆ, ‘ದಾರಿ ಬಿಡಿ’ ಫಲಕ ತಲೆಕೆಳಗಾದ ತ್ರಿಕೋನ. ಮಣ್ಣು ಮೆತ್ತಿ ಅಕ್ಷರ ಅಳಿಸಿದ್ದರೂ, ಹಿಂಬದಿಯಿಂದ ನೋಡಿದರೂ ಇವೆರಡರ ಗುರುತು ತಪ್ಪುವುದಿಲ್ಲ. ಹೀಗೆ ಕಾರಣ ತಿಳಿದು ಕಲಿತದ್ದು ಪರೀಕ್ಷೆಯ ಮರುದಿನವೂ ಮನಸ್ಸಿನಲ್ಲಿ ನಿಲ್ಲುತ್ತದೆ.

ಪ್ರಶ್ನೆಗಳಲ್ಲಿ ನನಗೆ ಬಹಳ ಹಿಡಿಸುವುದು ಬಿಳಿ ಕೋಲಿನದು. ಬಿಳಿ ಕೋಲು ಹಿಡಿದ ಅಂಧ ವ್ಯಕ್ತಿ ರಸ್ತೆ ದಾಟುತ್ತಿದ್ದರೆ ಚಾಲಕ ಏನು ಮಾಡಬೇಕು? ಹಾರನ್ ಹೊಡೆಯುವುದೂ ಆಯ್ಕೆಗಳಲ್ಲಿ ಇರುತ್ತದೆ, ನಿಧಾನವಾಗಿ ಮುಂದೆ ಹೋಗುವುದೂ ಇರುತ್ತದೆ. ಸರಿಯುತ್ತರ, ಆ ಕೋಲನ್ನೇ ನಿಲ್ಲು ಎಂಬ ಸಂಚಾರ ಚಿಹ್ನೆಯೆಂದು ತಿಳಿದು ಗಾಡಿ ನಿಲ್ಲಿಸುವುದು. ಕಂಬದ ಮೇಲಿನ ಕೆಂಪು ದೀಪಕ್ಕೂ ಒಬ್ಬ ಮನುಷ್ಯನ ಕೈಯಲ್ಲಿರುವ ಕೋಲಿಗೂ ಒಂದೇ ಬೆಲೆ. ಪಕ್ಕದವರು ಉತ್ತರ ಒತ್ತಿದ ಹುಡುಗ ಈ ಪ್ರಶ್ನೆಯನ್ನು ಓದಿಯೇ ಇರುವುದಿಲ್ಲ. ಮೆಜೆಸ್ಟಿಕ್ ಸುತ್ತ ಬಿಳಿ ಕೋಲು ಹಿಡಿದವರು ರಸ್ತೆ ದಾಟಲು ನಿಂತಾಗ ನಮ್ಮ ಬೈಕುಗಳು ಏನು ಮಾಡುತ್ತವೆ ಎಂದು ನೋಡಿದವರಿಗೆ ಉಳಿದದ್ದನ್ನು ವಿವರಿಸಬೇಕಿಲ್ಲ.

ಘಟ್ಟದ ರಸ್ತೆಯ ಪ್ರಶ್ನೆಯೂ ಅಷ್ಟೇ. ಇಬ್ಬರಿಗೆ ಜಾಗ ಸಾಲದ ಏರಿನಲ್ಲಿ ಎದುರುಬದುರಾದರೆ ದಾರಿ ಯಾರಿಗೆ? ಹತ್ತುತ್ತಿರುವವನಿಗೆ. ಏರಿನ ನಡುವೆ ನಿಂತ ಲಾರಿ ಮತ್ತೆ ಹೊರಡುವ ಪಾಡು, ಹಿಂದಕ್ಕೆ ಜಾರುವ ಅಪಾಯ ಎರಡನ್ನೂ ಲೆಕ್ಕ ಹಾಕಿಯೇ ಈ ನಿಯಮ ಮಾಡಿದ್ದಾರೆ. ಭಾನುವಾರ ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಇಳಿಯುವ ಕಾರು ತಿರುವಿನೊಳಗೆ ಮೂತಿ ತೂರಿಸಿ, ಬಸ್ಸೂ ಅಲ್ಲಾಡದೆ ತಾನೂ ಅಲ್ಲಾಡದೆ ಅರ್ಧ ಗಂಟೆ ಎಲ್ಲರನ್ನೂ ಕಾಯಿಸುವುದನ್ನು ಕಂಡವರಿಗೆ ಈ ಒಂದು ಅಂಕದ ಬೆಲೆ ಗೊತ್ತು.

ಅಪಘಾತದ ವಿಷಯ ಇನ್ನೂ ಮುಖ್ಯ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಗಾಯಗೊಂಡವರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳುವುದು ಚಾಲಕನ ಹೊಣೆ. ಗುಂಪು ರೊಚ್ಚಿಗೆದ್ದು ಹೊಡೆಯಲು ಬರಬಹುದು ಎಂಬುದನ್ನೂ ಕಾನೂನು ಊಹಿಸಿ, ಅಂಥ ಹೊತ್ತಿಗೆ ವಿನಾಯಿತಿ ಇಟ್ಟಿದೆ. ಆಗಲೂ ಪೊಲೀಸರಿಗೆ ತಿಳಿಸುವುದು ತಪ್ಪುವುದಿಲ್ಲ, 24 ಗಂಟೆಯೊಳಗೆ ಠಾಣೆಗೆ ವರದಿ ಕೊಡಬೇಕು. ನೆರವಿಗೆ ಧಾವಿಸಿದ ದಾರಿಹೋಕರಿಗೆ ಕೇಸಿನ ಕಾಟ ಆಗದಂತೆ 2019ರಲ್ಲಿ 134ಎ ಕಲಮು ಸೇರಿಸಿದ್ದಾರೆ. ಹಿಟ್ ಅಂಡ್ ರನ್ ಸುದ್ದಿಗಳಲ್ಲಿ ಓಡಿಹೋದವರಲ್ಲಿ ಎಷ್ಟು ಮಂದಿ ಇದನ್ನು ಓದಿದ್ದರೋ!

ಹಾಗೆಂದು ಪರೀಕ್ಷೆ ದೋಷವಿಲ್ಲದ್ದಲ್ಲ. ಕಾವಲಿಲ್ಲದ ಗೇಟಿನಲ್ಲಿ ಗಾಡಿ ನಿಲ್ಲಿಸಿ, ಇಳಿದು ಹೋಗಿ ಎರಡೂ ಕಡೆ ರೈಲು ಬರುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು ಎಂಬುದು ಹಳೆಯ ಖಾಯಂ ಪ್ರಶ್ನೆ. ಬ್ರಾಡ್‌ಗೇಜ್ ಮಾರ್ಗಗಳಲ್ಲಿ ಅಂಥ ಗೇಟುಗಳನ್ನೆಲ್ಲ ತೆಗೆದುಹಾಕಿದ್ದಾಗಿ ರೈಲ್ವೆ 2019ರಲ್ಲೇ ಹೇಳಿದೆ. ಆ ಜಾಗದಲ್ಲಿ ಇಂದಿನ ರಸ್ತೆಯನ್ನು ಕೇಳಲಿ. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಿಗೆ 2023ರ ಆಗಸ್ಟ್‌ನಿಂದ ಬೈಕು, ಆಟೊಗಳಿಗೆ ಪ್ರವೇಶವಿಲ್ಲ. ಎಷ್ಟು ಹೊಸ ಸವಾರರಿಗೆ ಅದರ ಕಾರಣ ಗೊತ್ತು? ಗಂಟೆಗೆ 60 ಕಿಲೊಮೀಟರ್ ವೇಗದಲ್ಲಿ ಒಂದು ಸೆಕೆಂಡ್ ಮೊಬೈಲ್ ನೋಡಿದರೆ ಗಾಡಿ ಸುಮಾರು 17 ಮೀಟರ್ ಕುರುಡಾಗಿ ಓಡಿರುತ್ತದೆ. ಪರೀಕ್ಷೆಯಲ್ಲಿ ಈ ಲೆಕ್ಕ ಇರಬೇಡವೇ?

ಪಾಸಾಗಲು ನೂರಕ್ಕೆ ಅರವತ್ತು ಸಾಕು ಎಂಬುದೂ ಯೋಚಿಸಬೇಕಾದ ಮಾತು. ಬ್ರಿಟನ್ನಿನಲ್ಲಿ ಕಾರು ಕಲಿಯುವವರು 50 ಪ್ರಶ್ನೆಗಳಲ್ಲಿ 43ಕ್ಕೆ ಸರಿಯುತ್ತರ ಕೊಡಬೇಕು. 2002ರಿಂದ ಅಲ್ಲಿ ಇನ್ನೊಂದು ಭಾಗವೂ ಇದೆ. ರಸ್ತೆಯ ವಿಡಿಯೊ ತುಣುಕುಗಳನ್ನು ತೋರಿಸುತ್ತಾರೆ, ಅಪಾಯ ಹುಟ್ಟುತ್ತಿರುವುದನ್ನು ಎಷ್ಟು ಬೇಗ ಗುರುತಿಸಿ ಒತ್ತುತ್ತೀರೋ ಅಷ್ಟು ಅಂಕ. ನಿಂತ ಬಸ್ಸಿನ ಮರೆಯಿಂದ ಓಡಿಬರುವ ಮಗು, ಇಂಡಿಕೇಟರ್ ಹಾಕದೆ ತಿರುಗುವ ಆಟೊ, ರಾತ್ರಿ ಹೈವೇ ಬದಿಯಲ್ಲಿ ಹಿಂದೀಪವಿಲ್ಲದೆ ನಿಂತ ಕಬ್ಬಿನ ಟ್ರ್ಯಾಕ್ಟರ್. ಇಂಥ ಪರೀಕ್ಷೆಗೆ ನಮ್ಮ ರಸ್ತೆಗಳಿಗಿಂತ ಒಳ್ಳೆಯ ಸರಕು ಇನ್ನೆಲ್ಲಿ ಸಿಕ್ಕೀತು? ನಮಗೂ ಅದು ಬರಬೇಕು. ಬರುವವರೆಗೆ ಇರುವುದನ್ನಾದರೂ ನೆಟ್ಟಗೆ ಓದೋಣ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಹಾಕದ ದ್ವಿಚಕ್ರ ಸವಾರರು, ಹಿಂಬದಿ ಕೂತವರು ಸೇರಿ 50,029. ಪರೀಕ್ಷೆ ಚೆನ್ನಾಗಿ ಬರೆದುಬಿಟ್ಟರೆ ಇವರೆಲ್ಲ ಉಳಿಯುತ್ತಿದ್ದರು ಎಂದು ನಾನು ಹೇಳುವುದಿಲ್ಲ. ಕೆಟ್ಟ ರಸ್ತೆ, ಬಣ್ಣ ಬಳಿಯದ ಹಂಪು, ಉರಿಯದ ಬೀದಿದೀಪ ಎಲ್ಲವೂ ಪಾಲುದಾರರೇ. ಆದರೆ ನಿಯಮವೆಂದರೆ ಪೊಲೀಸ್ ಕಂಡಾಗ ಪಾಲಿಸುವುದು ಎಂಬ ಪಾಠವನ್ನು ನಾವು ಮಕ್ಕಳಿಗೆ ಮೊದಲು ಹೇಳಿಕೊಡುವುದು ಎಲ್‌ಎಲ್‌ಆರ್ ದಿನವೇ. ಗಾಡಿ ಮುಟ್ಟುವ ಮೊದಲೇ ಮೋಸ ಮಾಡಿ ಪಾಸಾದವನಿಗೆ ಸಿಗ್ನಲ್ ಜಂಪ್ ಮಾಡುವುದು ದೊಡ್ಡ ಮಾತಲ್ಲ.

ಕಲಿಕಾ ಪರವಾನಗಿಗೆ ಆರು ತಿಂಗಳ ಆಯುಸ್ಸಿದೆ. ಮೂವತ್ತು ದಿನವಾದರೂ ಕಲಿತ ಮೇಲೆಯೇ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಅಲ್ಲಿಯವರೆಗೆ ಗಾಡಿಯ ಹಿಂದೆ ಮುಂದೆ ಬಿಳಿ ಹಲಗೆಯ ಮೇಲೆ ಕೆಂಪು ‘ಎಲ್’ ಇರಬೇಕು, ಕಾರಾದರೆ ಪಕ್ಕದಲ್ಲಿ ಲೈಸೆನ್ಸ್ ಇರುವ, ಗಾಡಿಯನ್ನು ಹತೋಟಿಗೆ ತರಬಲ್ಲ ಒಬ್ಬರು ಕೂತಿರಬೇಕು. ಅವಸರಪಟ್ಟು ಹದಿನೆಂಟಕ್ಕೆ ಮೊದಲೇ ಮಗನ ಕೈಗೆ ಕೀ ಕೊಟ್ಟು ಅವನಿಂದ ಅಪರಾಧವಾದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸಿಲ್ಲ.

ನಿಮ್ಮ ಮನೆಯಲ್ಲಿ ಈ ಬೇಸಿಗೆಯಲ್ಲಿ ಯಾರಾದರೂ ಎಲ್‌ಎಲ್‌ಆರ್‌ಗೆ ಅರ್ಜಿ ಹಾಕುವವರಿದ್ದರೆ ಎರಡು ಸಂಜೆ ಅವರ ಜೊತೆ ಕೂತು ಪ್ರಶ್ನೆ ಕೇಳಿ. ನಿಮಗೇ ಎಷ್ಟೋ ಉತ್ತರ ಹೊಳೆಯದಿದ್ದರೆ ನಾಚಿಕೊಳ್ಳಬೇಡಿ, ಜೊತೆಗೇ ಕಲಿಯಿರಿ. ಪರೀಕ್ಷೆಯ ಹೊತ್ತಿಗೆ ಎದ್ದು ಆಚೆ ಹೋಗಿ. ಫೇಲಾದರೆ ಆಗಲಿ, ಇನ್ನೊಂದು ದಿನ ಬರೆಯಬಹುದು.