ಬಹುಮತ ಬಂತು, ನೆಪ ಹೋಯಿತು

2018ರ ಸಾಲಮನ್ನಾ ಪೂರ್ತಿ ಯಾಕಾಗಲಿಲ್ಲವೆಂದು ಕೇಳಿದಾಗ ಮೈತ್ರಿಯ ಮುಲಾಜನ್ನು ಮುಂದೆ ಮಾಡುತ್ತಿದ್ದರು. 2023ರ ಮೇ ತಿಂಗಳಲ್ಲಿ ಮತದಾರ 224ರಲ್ಲಿ 135 ಸ್ಥಾನ ಕಾಂಗ್ರೆಸ್ ಒಂದಕ್ಕೇ ಕೊಟ್ಟ. ಆ ನೆಪ ಅಲ್ಲಿಗೆ ತೀರಿತು.

ಗದ್ದುಗೆ ಏರಿದ ವರ್ಷವೇ ಬರ. 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಪರಿಹಾರಕ್ಕೆ ರಾಜ್ಯ ಸುಪ್ರೀಂ ಕೋರ್ಟಿಗೇ ಹೋಗಬೇಕಾಯಿತು. ಕೇಳಿದ್ದು 18,171 ಕೋಟಿ, 2024ರ ಏಪ್ರಿಲ್‌ನಲ್ಲಿ ಬಂದದ್ದು ಸುಮಾರು 3,454 ಕೋಟಿ. ಇದರಲ್ಲಿ ದೆಹಲಿಯ ತಪ್ಪಿದೆ, ಒಪ್ಪೋಣ.

ಆದರೆ ಸಾಲದ ಮಾತೇನು? 2023ರ ಜುಲೈ ಬಜೆಟ್ಟಿನಲ್ಲಿ ಬಡ್ಡಿಯಿಲ್ಲದ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿತು. ಕೇಳೋಕೆ ಚೆನ್ನ. ಸೊಸೈಟಿಯಲ್ಲಿ ದುಡ್ಡಿರಬೇಕಲ್ಲ! ನಬಾರ್ಡಿನ ರಿಯಾಯಿತಿ ಸಾಲದ ಮಿತಿ 2023-24ರಲ್ಲಿ 5,600 ಕೋಟಿ ಇದ್ದದ್ದು ಮರುವರ್ಷ 2,340 ಕೋಟಿಗೆ ಇಳಿಯಿತು. ಬಜೆಟ್ಟಿನಲ್ಲಿ ಅಂಕಿ ಏರಿಸಿದವರು ಈ ಕೊರತೆ ತುಂಬುವ ದಾರಿಯನ್ನೂ ಹೇಳಬೇಕಿತ್ತು. ಸೊಸೈಟಿ ಕೈಯೆತ್ತಿದರೆ ಮನೆ ಹೆಣ್ಮಕ್ಕಳು ಮೈಕ್ರೋಫೈನಾನ್ಸಿನವರ ಮುಂದೆ ಕೂರಬೇಕು, ವಾರದ ಕಂತು ಕಟ್ಟಬೇಕು. 2025ರ ಫೆಬ್ರವರಿಯ ಸುಗ್ರೀವಾಜ್ಞೆ ವಸೂಲಿಯ ದೌರ್ಜನ್ಯಕ್ಕೆ ಶಿಕ್ಷೆ ವಿಧಿಸಿತು, ಸರಿಯೇ. ಬಿತ್ತನೆಗೆ ಬದಲಿ ಸಾಲ ಎಲ್ಲಿಂದ ಅನ್ನೋದಕ್ಕೆ ಅದರಲ್ಲಿ ಉತ್ತರವಿಲ್ಲ.

ಬೆಲೆಯ ಕಥೆಯೂ ಅಷ್ಟೆ. ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ಗುರ್ಲಾಪುರದಲ್ಲಿ ರಸ್ತೆಗೆ ಕೂತ ಮೇಲೆ, 2025ರ ನವೆಂಬರಿನಲ್ಲಿ, 3,300 ಅಂದರು. ರಸ್ತೆಗೆ ಬಾರದ ಮೆಕ್ಕೆಜೋಳದವನ ಗತಿ?

ರೈತ ಬಂಧುಗಳೇ, ಮುಂದಿನ ಬಜೆಟ್ಟಿಗೆ ಮುಂಚೆ ನಿಮ್ಮ ನಿಮ್ಮ ಸೊಸೈಟಿಗೆ ಹೋಗಿ. ಐದು ಲಕ್ಷ ಎಷ್ಟು ಜನಕ್ಕೆ ಸಿಕ್ಕಿದೆ ಎಂಬ ಲೆಕ್ಕವನ್ನು ಬರಹದಲ್ಲೇ ಕೇಳಿ ತನ್ನಿ.