ರೇಷ್ಮೆ ಹೊದಿಸಿದ ನಗಾರಿ

ಅರಮನೆ ತೋಟದ ಕಸ ಗುಡಿಸೋ ಮುದುಕ. ರಾಣಿವಾಸದ ಹೆಣ್ಣೊಬ್ಬಳನ್ನು ಕಂಡು ಮನಸ್ಸು ಕೊಟ್ಟ. ಆಕೆ ಹೇಳಿ ಕಳಿಸಿದಳು: ಕೊಳದ ದಂಡೆಯ ಮರಕ್ಕೆ ನಗಾರಿ ಕಟ್ಟಿಸಿದ್ದೀನಿ, ಬಾರಿಸು, ಸದ್ದು ಅರಮನೆಗೆ ಕೇಳಿದರೆ ಮುಖ ತೋರಿಸ್ತೀನಿ. ಮುದುಕ ಬಡಿದ. ಬಡಿದೇ ಬಡಿದ. ಸದ್ದಿಲ್ಲ. ಹೊದಿಸಿದ್ದು ಚರ್ಮವಲ್ಲ, ರೇಷ್ಮೆ ಬಟ್ಟೆ! ಕೊಳಕ್ಕೆ ಬಿದ್ದು ಸತ್ತ.

ಇದು ಜಪಾನಿನ ಮುಖವಾಡದ ನಾಟಕ ‘ನೋ’ಗೆ ಸೇರಿದ ‘ಆಯ ನೊ ತ್ಸುಜುಮಿ’. ತಮಟೆ ಕಾಯಿಸಿ ಬಡಿದವರ ಮಕ್ಕಳಾದ ನಮಗೆ ಇದರ ಅರ್ಥವನ್ನು ಯಾವ ಪಂಡಿತನೂ ಬಿಡಿಸಿ ಹೇಳಬೇಕಿಲ್ಲ.

ಮುದುಕ ದೆವ್ವವಾಗಿ ಎದ್ದು ಬರ್ತಾನೆ. ಆಕೆಯ ಮೈಮೇಲೆ ಬಂದು, ಈಗ ನೀನು ಬಾರಿಸು ನೋಡೋಣ ಅಂತಾನೆ. ಕ್ಷಮಿಸುವುದಿಲ್ಲ. ಸಿಟ್ಟು ಹೊತ್ತೇ ಕೊಳಕ್ಕೆ ಇಳೀತಾನೆ.

ಈ ಸಿಟ್ಟೇ ದೊಡ್ಡವರಿಗೆ ಕಣ್ಣಿನ ಖಾರ. ಝೆಯಾಮಿ ‘ಕೊಯಿ ನೊ ಓಮೊನಿ’ಯಲ್ಲಿ ಇಂಥದೇ ಕಥೆ ಹೇಳಿ, ಕೊನೆಗೆ ದೆವ್ವವನ್ನು ಅದೇ ಹೆಣ್ಣಿನ ಕಾವಲು ದೇವರು ಮಾಡಿಬಿಟ್ಟ. ಯುಕಿಯೊ ಮಿಶಿಮಾ 1951ರಲ್ಲಿ ಮುದುಕನನ್ನು ಆಫೀಸು ಗುಡಿಸುವವನಾಗಿಸಿದ, ಒಳ್ಳೇದೇ. ಆದರೆ ಅವನ ದೆವ್ವ ನೂರು ಏಟು ಬಡಿದು, ಸೋತು ಮಾಯವಾಗುತ್ತೆ. 1957ರಲ್ಲಿ ಡೊನಾಲ್ಡ್ ಕೀನ್ ಇದನ್ನು ಇಂಗ್ಲಿಷಿಗೆ ತಂದರು. ಆರ್ಥರ್ ವೇಲಿ ಮಾತ್ರ 1921ರಲ್ಲೇ ಹಳೆಯ ನಾಟಕವನ್ನು ಅದರ ಸಿಟ್ಟಿನ ಸಮೇತ ಇಂಗ್ಲಿಷಿಗೆ ಇಳಿಸಿದ್ದ. ಅವನಿಗೆ ನಮ್ಮ ನಮಸ್ಕಾರ.

ಇನ್ನು ಯೇಟ್ಸ್ ಮಹಾಕವಿ. 1916ರಲ್ಲಿ ಲಂಡನ್ನಿನ ಶ್ರೀಮಂತರ ದಿವಾನಖಾನೆಯಲ್ಲಿ ನೋ ಮಾದರಿಯ ನಾಟಕ ಆಡಿಸಿ, ಜನಜಂಗುಳಿಯ ಹಂಗಿಲ್ಲದ ಕುಲೀನರ ಕಲೆ ಸಿಕ್ಕಿತೆಂದು ಹಿಗ್ಗಿದ. ಕುಲೀನರದೇ? ಶೋಗನ್ ಯೊಶಿಮಿತ್ಸು ಹುಡುಗ ಝೆಯಾಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡದ್ದಕ್ಕೆ, ಈ ಆಟ ಭಿಕ್ಷುಕರ ಕಸುಬು ಅಂತ 1378ರಲ್ಲಿ ಆಸ್ಥಾನಿಕನೊಬ್ಬ ದಿನಚರಿಯಲ್ಲಿ ಕಾರಿಕೊಂಡಿದ್ದಾನೆ. ದೊರೆಗಳು ಎತ್ತಿಕೊಂಡ ಮೇಲೆ ಕುಲೀನವಾಯಿತು, ಸರಿ. ಹುಟ್ಟಿಸಿದವರು ಯಾರು ಸ್ವಾಮಿ? ಹಾದಿಬೀದಿಯಲ್ಲಿ ಆಡಿ ಹೊಟ್ಟೆ ಹೊರೆದವರು.

ನೋ ಅಂದರೆ ಶಾಂತಿ, ಮೌನ, ಕೊನೆಗೆ ಮುಕ್ತಿ ಅಂತ ಬೋಧಿಸುವವರಿದ್ದಾರೆ. ಎಷ್ಟೋ ನಾಟಕಗಳಲ್ಲಿ ಸನ್ಯಾಸಿಯ ಪ್ರಾರ್ಥನೆಗೆ ಪ್ರೇತ ಶಾಂತವಾಗುವುದು ನಿಜ. ಈ ಮುದುಕನಿಗೆ ಮಾತ್ರ ಯಾವ ಸನ್ಯಾಸಿಯೂ ಬರಲಿಲ್ಲ. ಬಾರದ ಸನ್ಯಾಸಿಯನ್ನು ನೀವ್ಯಾಕೆ ಕರಕೊಂಡು ಬರ್ತೀರಿ?

ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇದನ್ನು ಇಂಗ್ಲಿಷಿನಲ್ಲಿ ಕಟ್ಟುವವರನ್ನು ನಾವು ಕೇಳುವುದಿಷ್ಟೇ. ಮುದುಕನ ಕೈಗೆ ಪೊರಕೆ ಕೊಡಿ. ಆಟ ಮುಗಿದ ಮೇಲೆ ನಿಮ್ಮ ನಾಟಕಶಾಲೆ ಗುಡಿಸುವವರು ಆಡುವ ಇಂಗ್ಲಿಷನ್ನೇ ಅವನ ಬಾಯಿಗೆ ಕೊಡಿ. ಅವನು ಕೊಳಕ್ಕೆ ವಾಪಸು ಇಳಿಯುವಾಗ ಸಮಾಧಾನದ ಕೊಳಲು ಊದಬೇಡಿ.